ಪೂರ್ಣಯ್ಯನವರ ಸೇತುವೆಯಲ್ಲಿ ಒಂದು ಹುಡುಕಾಟ

ಶ್ರೀರಂಗಪಟ್ಟಣದ ಉತ್ತರಕ್ಕೆ, ಕಿರಂಗೂರಿನ ಕಡೆಗೆ ಕಾವೇರಿಯ ಕವಲನ್ನು ದಾಟಿಸುವ ಹಳೆಯ ಕಲ್ಲು ಸೇತುವೆಯನ್ನು ನಮ್ಮ ಶಾಲೆಯಲ್ಲಿ ಓದಿದವರಲ್ಲಿ ನೋಡದವರು ಕಡಿಮೆ. ಪಟ್ಟಣದ ಸಂತೆಗೆ, ರಂಗನಾಥನ ದರ್ಶನಕ್ಕೆ, ನಿಮಿಷಾಂಬೆಗೆ ಹರಕೆ ಒಪ್ಪಿಸಲು ಹೋಗುವಾಗ ಅದರ ಪಕ್ಕದಲ್ಲೋ ಅದರ ಮೇಲೋ ಹಾದು ಹೋದವರೇ ಎಲ್ಲರೂ. ಹಿರಿಯರು ಅದನ್ನು ಕಲ್ಲು ಸೇತುವೆ ಎನ್ನುತ್ತಾರೆ, ಓದಿದವರು ವೆಲ್ಲೆಸ್ಲಿ ಸೇತುವೆ ಎನ್ನುತ್ತಾರೆ. 1804ರಲ್ಲಿ ಮೈಸೂರಿನ ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ ಕಟ್ಟಿದ್ದು.

ಈ ವೆಲ್ಲೆಸ್ಲಿ ಯಾರೆಂದು ತರಗತಿಯಲ್ಲಿ ಕೇಳಿದರೆ ಚುರುಕಾದ ಮಕ್ಕಳು ತಟಕ್ಕನೆ ಕೈ ಎತ್ತಿ, ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಎನ್ನುತ್ತಾರೆ. ದೊಡ್ಡವರೂ ಹಾಗೆಯೇ ತಿಳಿದಿರುವುದುಂಟು. ವೆಲ್ಲಿಂಗ್ಟನ್ ಆಗುವ ಮೊದಲು ಆತ ಆರ್ಥರ್ ವೆಲ್ಲೆಸ್ಲಿಯಾಗಿದ್ದುದು ನಿಜ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಇಲ್ಲಿನ ಸೇನಾಡಳಿತ ಅವನ ಕೈಯಲ್ಲಿದ್ದುದೂ ನಿಜ. ಆದರೆ ಸೇತುವೆಗೆ ಇಟ್ಟದ್ದು ಅವನ ಹೆಸರಲ್ಲ, ಅವನ ಅಣ್ಣನದು. ಅಣ್ಣ ರಿಚರ್ಡ್, ಅಂದರೆ ಮಾರ್ಕ್ವಿಸ್ ವೆಲ್ಲೆಸ್ಲಿ, 1798ರಿಂದ 1805ರವರೆಗೆ ಕಂಪನಿ ಸರ್ಕಾರದ ಗವರ್ನರ್ ಜನರಲ್ ಆಗಿ ಕಲ್ಕತ್ತೆಯಲ್ಲಿದ್ದವನು. ಹೀಗೆ ಒಂದೇ ಸೇತುವೆಯ ಸುತ್ತ ಮೂರು ಹೆಸರುಗಳಿವೆ. ಒಂದು ಗೌರವ ಪಡೆದವನದು, ಒಂದು ಜನ ತಪ್ಪಾಗಿ ನೆನೆಯುವವನದು, ಇನ್ನೊಂದು ಕಟ್ಟಿಸಿದವನದು. ನಾಲ್ಕನೆಯ ಬಗೆಯ ಹೆಸರುಗಳ ಮಾತು ಮುಂದೆ ಬರುತ್ತದೆ. ಅದನ್ನು ಎತ್ತಿದ್ದು ನಾನಲ್ಲ, ಒಂಬತ್ತನೇ ತರಗತಿಯ ಒಬ್ಬ ಹುಡುಗಿ.

ಕಳೆದ ಜನವರಿಯಲ್ಲಿ ನಮ್ಮ ಶಾಲೆಯ ಮಕ್ಕಳು ಈ ಸೇತುವೆಗೆ ಹೊರಸಂಚಾರ ಹೋಗಿಬಂದರು. ಆ ಹೊರಸಂಚಾರದ ವಿಷಯ ಬರೆಯಿರಿ ಎಂದು ಸ್ಮರಣ ಸಂಚಿಕೆಯ ಸಮಿತಿಯವರು ನನ್ನನ್ನು ಕೇಳಿದರು. ಅದು ಸಾಮಾನ್ಯವಾದ ಪ್ರವಾಸವಾಗಿರಲಿಲ್ಲ, ಜಿಯೋಕ್ಯಾಶಿಂಗ್ ಎಂಬ ಆಟದ ರೂಪದಲ್ಲಿ ನಡೆಯಿತು. ಊರಿನ ಹಿರಿಯರಿಗೆ ಈ ಪದ ಹೊಸದಾಗಿರಬಹುದು. ಆದ್ದರಿಂದ ಆಟ ಏನೆಂದು ಮೊದಲು ಹೇಳಿ, ಆಮೇಲೆ ಸೇತುವೆಯ ಚರಿತ್ರೆಗೆ ಬರುತ್ತೇನೆ.

ಇದು ಅಡಗಿಸಿ ಹುಡುಕುವ ಆಟ. ಒಬ್ಬರು ಒಂದು ಡಬ್ಬಿಯಲ್ಲಿ ಪುಟ್ಟ ಪುಸ್ತಕ, ಪೆನ್ಸಿಲು, ಒಂದೆರಡು ಚಿಲ್ಲರೆ ಸಾಮಾನು ಇಟ್ಟು ಎಲ್ಲಿಯಾದರೂ ಮರೆಯಲ್ಲಿ ಇಡುತ್ತಾರೆ. ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಮಾತ್ರ ಬೇರೆಯವರಿಗೆ ತಿಳಿಸುತ್ತಾರೆ. ಅವರು ಜಿಪಿಎಸ್ ಉಪಕರಣವನ್ನೋ ಮೊಬೈಲನ್ನೋ ಹಿಡಿದು ಹುಡುಕಿಕೊಂಡು ಹೋಗಿ, ಸಿಕ್ಕರೆ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟು ಬರಬೇಕು. ಡಬ್ಬಿಯಿಂದ ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬೇಕು. ನೆಲ ಅಗೆದು ಹೂಳಬಾರದು.

ಇದು ಹುಟ್ಟಿದ ಬಗೆಯೂ ಸ್ವಾರಸ್ಯವಾಗಿದೆ. ಜಿಪಿಎಸ್ ಉಪಗ್ರಹಗಳು ಅಮೆರಿಕದ ಸೈನ್ಯದವು. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ನಮ್ಮ ಕೈಯಲ್ಲಿರುವ ಉಪಕರಣ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಹಿಡಿದು, ಪ್ರತಿಯೊಂದೂ ಬರಲು ಹಿಡಿದ ಕಾಲದಿಂದ ದೂರಗಳನ್ನು ಲೆಕ್ಕ ಹಾಕಿ, ನಾವೆಲ್ಲಿದ್ದೇವೆಂದು ಹೇಳುತ್ತದೆ. ಮೊದಲೆಲ್ಲ ಸೈನ್ಯದವರನ್ನು ಬಿಟ್ಟು ಬೇರೆಯವರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿದ್ದರು. ನೂರು ಮೀಟರಿನಷ್ಟು ತಪ್ಪು ಬರುತ್ತಿತ್ತು. 2000ದ ಮೇ 2ರಂದು ಅಮೆರಿಕದ ಸರ್ಕಾರ ಆ ಅಡ್ಡಿಯನ್ನು ತೆಗೆಯಿತು. ಮಾರನೆಯ ದಿನವೇ ಆರೆಗಾನ್ ರಾಜ್ಯದ ಡೇವ್ ಅಲ್ಮರ್ ಎಂಬಾತ ಬೀವರ್‌ಕ್ರೀಕ್ ಎಂಬಲ್ಲಿ ಕಾಡಂಚಿನಲ್ಲಿ ಒಂದು ಬಕೀಟು ಇಟ್ಟು ಅದರ ನೆಲೆಯನ್ನು ಪ್ರಕಟಿಸಿದ. ಬಕೀಟಿನಲ್ಲಿದ್ದ ಸಾಮಾನಿನಲ್ಲಿ ಒಂದು ಡಬ್ಬಿ ಬೇಯಿಸಿದ ಹುರುಳಿಕಾಯಿ ಬೀಜವೂ ಇತ್ತಂತೆ! ಆಟ ಅಲ್ಲಿಂದ ಲೋಕವೆಲ್ಲ ಹರಡಿತು. ಈಗ ನಮ್ಮ ಇಸ್ರೋದ್ದೇ ಆದ ನಾವಿಕ್ ವ್ಯವಸ್ಥೆ ಇದೆ. ಅದರ ಮೊದಲ ಉಪಗ್ರಹ 2013ರಲ್ಲಿ ಹಾರಿತು. ಅದರ ಕೇಂದ್ರ ಇರುವುದು ಮೈಸೂರು ರಸ್ತೆಗೆ ಅಷ್ಟೇನೂ ದೂರವಲ್ಲದ ಬ್ಯಾಲಾಳಿನಲ್ಲಿ.

ಆಟವಾಡಿಸುವ ಯೋಚನೆ ನಮ್ಮ ವಿಜ್ಞಾನ ಮೇಡಂ ಅವರದು. ಅಕ್ಷಾಂಶ ರೇಖಾಂಶಗಳನ್ನು ಮಕ್ಕಳು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆಯುತ್ತಾರೆ, ಒಮ್ಮೆ ಕಾಲಲ್ಲಿ ನಡೆದು ನೋಡಲಿ ಎಂದರು. ಶ್ರೀರಂಗಪಟ್ಟಣ 12.4 ಡಿಗ್ರಿ ಉತ್ತರ, 76.7 ಡಿಗ್ರಿ ಪೂರ್ವ ಎಂದು ಬರೆದರೆ ಹತ್ತು ಕಿಲೋಮೀಟರಿನೊಳಗೆ ಎಲ್ಲಿ ಬೇಕಾದರೂ ಇರಬಹುದು. ದಶಾಂಶ ಬಿಂದುವಿನ ಮುಂದೆ ಒಂದೊಂದು ಅಂಕಿ ಸೇರಿದಂತೆ ಜಾಗ ಹತ್ತು ಪಟ್ಟು ಕಿರಿದಾಗುತ್ತದೆ. ನಾಲ್ಕನೆಯ ಅಂಕಿಗೆ ಬರುವಾಗ ಸುಮಾರು ಹನ್ನೊಂದು ಮೀಟರು, ಐದನೆಯದಕ್ಕೆ ಒಂದು ಮೀಟರು. ಇದನ್ನು ಕಪ್ಪುಹಲಗೆಯ ಮೇಲೆ ಎಷ್ಟು ಹೇಳಿದರೂ ತಲೆಗೆ ಹೋಗದ ಹುಡುಗ, ಹೊಳೆದಂಡೆಯಲ್ಲಿ ಮೊಬೈಲು ಹಿಡಿದು ಆಚೆ ಹತ್ತು ಹೆಜ್ಜೆ ಈಚೆ ಹತ್ತು ಹೆಜ್ಜೆ ಇಟ್ಟಾಗ ತಾನಾಗಿಯೇ ತಿಳಿದುಕೊಂಡ.

ಒಂದು ಮಾತನ್ನು ಮೊದಲೇ ತೀರ್ಮಾನ ಮಾಡಿದ್ದೆವು. ಸೇತುವೆಯ ಮೇಲೋ ಕಂಬಗಳ ಸಂದಿಯಲ್ಲೋ ಯಾವ ಡಬ್ಬಿಯನ್ನೂ ಇಡಬಾರದು. ಇನ್ನೂರು ವರ್ಷದ ಕಟ್ಟಡದ ಸಂದಿಗೆ ಕೈ ಹಾಕಬಾರದು ಎಂಬುದು ಒಂದು ಕಾರಣ. ಹೊಳೆಯ ಸೇತುವೆಯ ಕೆಳಗೆ ಮುಚ್ಚಿದ ಡಬ್ಬಿ ಕಂಡರೆ ಮೊದಲು ಬರುವವರು ಪೊಲೀಸರು ಎಂಬುದು ಇನ್ನೊಂದು! ಈ ಆಟದಲ್ಲಿ ಡಬ್ಬಿಯಿಲ್ಲದ ಬಗೆಯೂ ಇದೆ. ಹೇಳಿದ ಜಾಗಕ್ಕೆ ಹೋಗಿ, ಅಲ್ಲಿ ನಿಂತು ನೋಡಿದವರಿಗೆ ಮಾತ್ರ ಉತ್ತರಿಸಲು ಬರುವ ಪ್ರಶ್ನೆಗೆ ಉತ್ತರ ಬರೆದು ತಂದರೆ ಆಯಿತು. ನಾವು ಆ ಬಗೆಯನ್ನೇ ಆರಿಸಿಕೊಂಡೆವು. ವಿಜ್ಞಾನ ಮೇಡಂ ನೆಲೆಗಳನ್ನು ಗೊತ್ತುಮಾಡಿದರು, ಪ್ರಶ್ನೆಗಳನ್ನು ಬರೆಯುವ ಕೆಲಸ ಸಮಾಜ ವಿಜ್ಞಾನದವನಾದ ನನಗೆ ಬಂತು.

ಈಗ ಸೇತುವೆಗೆ ಬರೋಣ.

ಕಾವೇರಿ ಶ್ರೀರಂಗಪಟ್ಟಣದಲ್ಲಿ ಎರಡು ಕವಲಾಗಿ ಒಡೆದು ಊರನ್ನು ನಡುವೆ ಇಟ್ಟುಕೊಂಡು, ಗಂಜಾಂ ದಾಟಿದ ಮೇಲೆ ಸಂಗಮದಲ್ಲಿ ಮತ್ತೆ ಕೂಡುತ್ತದೆ. ಮೂರು ಮೈಲಿ ಉದ್ದದ ಈ ದ್ವೀಪವನ್ನು ಮೈಸೂರಿನ ಅರಸರು ರಾಜಧಾನಿಯಾಗಿ ಇಟ್ಟುಕೊಂಡದ್ದು ಹೊಳೆಯನ್ನು ನಂಬಿ. ಮಳೆಗಾಲದಲ್ಲಿ ಹೊಳೆಯೇ ಕೋಟೆ. ಕೊಡಗಿನಲ್ಲಿ ಮಳೆ ಹಿಡಿದರೆ ಪಟ್ಟಣದ ಸುತ್ತ ನೀರು ಏರುತ್ತದೆ, ಶತ್ರುವಿನ ದಂಡು ದಡದಲ್ಲಿ ಕಾಯುತ್ತಾ ಕೂರಬೇಕು. 1799ರಲ್ಲಿ ಕಂಪನಿಯ ಸೈನ್ಯ ಮುಂಗಾರಿಗೆ ಮೊದಲೇ ಲಗ್ಗೆ ಇಡಲು ಅವಸರಪಟ್ಟದ್ದು ಇದಕ್ಕೇ. ಮೇ 4ರ ಮಧ್ಯಾಹ್ನ, ಹೊಳೆ ಬತ್ತಿ ಬಂಡೆ ಎದ್ದು ಕಾಣುವ ಹೊತ್ತಿನಲ್ಲಿ, ಸೈನಿಕರು ನೀರಲ್ಲಿ ನಡೆದೇ ದಾಟಿ ಕೋಟೆಯ ಬಿರುಕಿಗೆ ಹತ್ತಿದರು. ಅಂದೇ ಟಿಪ್ಪು ಸುಲ್ತಾನ್ ಹೋರಾಡುತ್ತಾ ಮಡಿದ. ಮುಂಗಾರು ಒಂದು ತಿಂಗಳು ಮೊದಲು ಬಂದಿದ್ದರೆ ಎಂದು ಮಕ್ಕಳು ಪ್ರತಿವರ್ಷ ಕೇಳುತ್ತಾರೆ. ಚರಿತ್ರೆಯ ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಅಂಕವಿಲ್ಲ, ಆದರೆ ಕೇಳಬೇಕಾದ ಪ್ರಶ್ನೆಯೇ.

ಹೊಳೆ ದಾಟುವುದು ಸಾಮಾನ್ಯರಿಗೂ ಸುಲಭವಾಗಿರಲಿಲ್ಲ. ಬೇಸಿಗೆಯಲ್ಲಿ ಕಾಲ್ನಡಿಗೆ, ಮಳೆಗಾಲದಲ್ಲಿ ಹರಿಗೋಲು. ಬಿದಿರು ಹೆಣೆದು ಚರ್ಮ ಹೊದಿಸಿದ ಈ ದುಂಡು ದೋಣಿಯನ್ನು ಕಂಪನಿಯ ಸೈನ್ಯವೂ ನಂಬಿತ್ತು. 1800ರ ಜೂನ್‌ನಲ್ಲಿ ಆರ್ಥರ್ ವೆಲ್ಲೆಸ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟಿ ಹೋಗುವಾಗ ಹರಿಹರದ ಹತ್ತಿರ ತುಂಗಭದ್ರೆಯನ್ನು ಹೀಗೆಯೇ ದಾಟಬೇಕಾಯಿತು. ಈ ಧೋಂಡಿಯನೂ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದು, ಪಟ್ಟಣ ಬಿದ್ದ ಗದ್ದಲದಲ್ಲಿ ತಪ್ಪಿಸಿಕೊಂಡವನು. ಇಡೀ ದಂಡು, ತೋಪು, ಎತ್ತು, ಅಕ್ಕಿ ಮೂಟೆ ಎಲ್ಲವನ್ನೂ ಹರಿಗೋಲಿನಲ್ಲಿ ಸಾಗಿಸುವುದೆಂದರೆ ದಿನಗಟ್ಟಲೆ ಕೆಲಸ. ಎಲ್ಲ ಕಾಲದಲ್ಲೂ ದಾಟಬಹುದಾದ ಗಟ್ಟಿ ಸೇತುವೆ ಆಳುವವರಿಗೆ ಎಷ್ಟು ಬೇಕಾಗಿತ್ತು ಎಂಬುದು ಇದರಿಂದಲೇ ತಿಳಿಯುತ್ತದೆ. ಬೆಂಗಳೂರಿಂದ ಮೈಸೂರಿಗೆ ಹೋಗುವ ದಾರಿ ಪಟ್ಟಣದ ಮೇಲೆಯೇ ಇತ್ತು.

ಇಲ್ಲೊಂದು ವಿಚಿತ್ರವಿದೆ. ಯುದ್ಧ ಮುಗಿದು ರಾಜ್ಯ ಹಂಚಿಕೆಯಾದಾಗ ಮೈಸೂರು ಒಡೆಯರ ಮನೆತನಕ್ಕೆ ರಾಜ್ಯ ಮರಳಿತು, ರಾಜಧಾನಿ ಮೈಸೂರಿಗೆ ಹೋಯಿತು. ಶ್ರೀರಂಗಪಟ್ಟಣದ ದ್ವೀಪವನ್ನು ಮಾತ್ರ ಕಂಪನಿ ತನಗೇ ಇಟ್ಟುಕೊಂಡಿತು. ಅದು ಮೈಸೂರಿಗೆ ವಾಪಸು ಬಂದದ್ದು 1881ರ ವೇಳೆಗೆ, ಬೆಂಗಳೂರಿನ ದಂಡು ಪ್ರದೇಶಕ್ಕೆ ಬದಲಾಗಿ. ಅಂದರೆ 1804ರಲ್ಲಿ ಮೈಸೂರಿನ ದಿವಾನರು ಕಟ್ಟಿಸಿದ ಸೇತುವೆಯ ಒಂದು ತುದಿ ತಮ್ಮ ರಾಜ್ಯದಲ್ಲಿ, ಇನ್ನೊಂದು ತುದಿ ಕಂಪನಿಯ ನೆಲದಲ್ಲಿ! ರಾಜರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಗ ಹತ್ತು ವರ್ಷ. ಪಟ್ಟಕ್ಕೆ ಬಂದಾಗ ಐದೇ ವರ್ಷ. ಕಂಪನಿಗೆ ವರ್ಷಕ್ಕೆ ಏಳು ಲಕ್ಷ ವರಹ ಕಪ್ಪ ಕಟ್ಟಬೇಕೆಂದು 1799ರ ಒಪ್ಪಂದ ವಿಧಿಸಿತ್ತು. ಆ ಹೊರೆಯ ನಡುವೆ ಈ ಸೇತುವೆ ಎದ್ದಿತು.

ಪೂರ್ಣಯ್ಯನವರ ವಿಷಯದಲ್ಲಿ ನಮ್ಮೂರಿನ ಅರಳಿಕಟ್ಟೆಯಲ್ಲಿ ಎರಡು ಪಕ್ಷಗಳಿವೆ. ಹೈದರನ ಕಾಲದಲ್ಲಿ ಲೆಕ್ಕಪತ್ರದ ಕೆಲಸದಿಂದ ಮೇಲೆ ಬಂದು, ಟಿಪ್ಪುವಿನ ಹಣಕಾಸು ನೋಡಿಕೊಂಡು, ಟಿಪ್ಪು ಸತ್ತ ಮೇಲೆ ಅವನನ್ನು ಸೋಲಿಸಿದವರ ಒಪ್ಪಿಗೆಯಿಂದಲೇ ದಿವಾನರಾದವರನ್ನು ಏನೆನ್ನಬೇಕು ಎಂಬುದು ಒಂದು ಪಕ್ಷ. ಅವರಿಲ್ಲದಿದ್ದರೆ ಆ ಹುಡುಗ ರಾಜನ ರಾಜ್ಯ ಉಳಿಯುತ್ತಿತ್ತೇ, ಕೆರೆ ಕಾಲುವೆ ರಸ್ತೆ ಯಾರು ಮಾಡಿಸುತ್ತಿದ್ದರು ಎಂಬುದು ಇನ್ನೊಂದು ಪಕ್ಷ. ಮಕ್ಕಳ ಮುಂದೆ ನಾನು ಎರಡನ್ನೂ ಇಡುತ್ತೇನೆ. ನನ್ನ ಮಟ್ಟಿಗೆ ಹೇಳುವುದಾದರೆ, ಈ ಸೇತುವೆಯಲ್ಲೇ ಅವರ ನಡೆ ಪೂರ್ತಿ ಕಾಣುತ್ತದೆ. ಹೆಸರನ್ನು ಗವರ್ನರ್ ಜನರಲನಿಗೆ ಕೊಟ್ಟುಬಿಟ್ಟರು. ಅದು ಅವರಿಗೆ ಖರ್ಚಿಲ್ಲದ ಕೆಲಸ. ಕಟ್ಟುವ ರೀತಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಕಟ್ಟುವ ರೀತಿ ಎಂದರೆ, ಇದು ಇಂಗ್ಲಿಷರ ಕಮಾನು ಸೇತುವೆಯಲ್ಲ. ಪೂರ್ತಿ ನಮ್ಮ ದೇಶದ ಪದ್ಧತಿ. ದೇವಸ್ಥಾನದ ಮಂಟಪವನ್ನು ನೆನೆಸಿಕೊಳ್ಳಿ: ಕಂಬ, ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಎಲ್ಲವೂ ಕಲ್ಲು. ಅದೇ ಮಂಟಪವನ್ನು ಉದ್ದಕ್ಕೆ ಎಳೆದು ಹೊಳೆಯ ಮೇಲೆ ಇಟ್ಟ ಹಾಗೆ ಈ ಸೇತುವೆ. ಹಂಪಿಯಿಂದ ಆನೆಗೊಂದಿಯ ಕಡೆಗೆ ತುಂಗಭದ್ರೆಯಲ್ಲಿ ವಿಜಯನಗರ ಕಾಲದ ಸೇತುವೆಯ ಕಂಬಗಳು ಇಂದಿಗೂ ನಿಂತಿವೆಯಲ್ಲ, ಅದೇ ವಂಶ. ಪಟ್ಟಣದಲ್ಲೇ ಬಂಗಾರದೊಡ್ಡಿ ನಾಲೆಯ ನೀರನ್ನು ಹೊಳೆಯ ಮೇಲೆ ಮೇಲ್ಗಾಲುವೆಯಾಗಿ ದ್ವೀಪಕ್ಕೆ ಹಾಯಿಸಿದ ಹದಿನೇಳನೇ ಶತಮಾನದ ಕೆಲಸವೂ ಇದೆ. ಹೊಳೆಯಲ್ಲಿ ಕಲ್ಲು ನೆಡುವ ವಿದ್ಯೆ ಇಲ್ಲಿಗೆ ಹೊಸದೇನಲ್ಲ. ಮುಂದೆ 1830ರ ಸುಮಾರಿಗೆ ಶಿವನಸಮುದ್ರದಲ್ಲಿ ರಾಮಸ್ವಾಮಿ ಮೊದಲಿಯಾರ್ ಅವರು ಕಾವೇರಿಯ ಎರಡು ಕವಲುಗಳಿಗೆ ಕಟ್ಟಿಸಿದ ಸೇತುವೆಗಳೂ ಇದೇ ಕಲ್ಲುಕಂಬದ ಪದ್ಧತಿಯವು.

ಕಂಬಗಳು ಅಷ್ಟೊಂದು ಒತ್ತೊತ್ತಾಗಿ ಏಕೆ ಇವೆ ಎಂಬುದು ನನ್ನ ಒಂದು ಪ್ರಶ್ನೆಯಾಗಿತ್ತು. ವಿಜ್ಞಾನ ಮೇಡಂ ಜೇಬಿನಿಂದ ಸೀಮೆಸುಣ್ಣ ತೆಗೆದು ಒಬ್ಬ ಹುಡುಗನ ಕೈಗೆ ಕೊಟ್ಟು, ಎರಡು ತುದಿ ಹಿಡಿದು ಒತ್ತು ಎಂದರು. ಎಷ್ಟು ಒತ್ತಿದರೂ ಮುರಿಯಲಿಲ್ಲ. ಬಗ್ಗಿಸು ಎಂದರು. ಟಕ್ಕೆಂದು ಮುರಿಯಿತು. ಕಲ್ಲಿನ ಗುಣವೂ ಇದೇ. ಮೇಲಿನಿಂದ ಎಷ್ಟು ಭಾರ ಹೇರಿದರೂ ಕಂಬ ತಾಳುತ್ತದೆ, ಆದರೆ ಅಡ್ಡ ಹಾಸಿದ ತೊಲೆ ಉದ್ದವಾದಷ್ಟೂ ಹೊಟ್ಟೆಯ ಕೆಳಗೆ ಬಿರಿಯುತ್ತದೆ. ಆದ್ದರಿಂದ ಗಿಡ್ಡ ತೊಲೆ, ಹತ್ತಿರ ಹತ್ತಿರ ಕಂಬ. ತೊಲೆಯನ್ನು ಇನ್ನಷ್ಟು ಗಿಡ್ಡವಾಗಿಸಲು ಕಂಬದ ತಲೆಯಿಂದ ಎರಡು ಕಡೆಗೂ ಚಾಚಿದ ಬೋದಿಗೆ. ಬೋದಿಗೆಯನ್ನು ಬರೀ ಅಲಂಕಾರವೆಂದು ತಿಳಿದಿದ್ದ ಮಕ್ಕಳು ಅದು ದುಡಿಯುವ ಕಲ್ಲು ಎಂಬುದನ್ನು ಅಂದು ನೋಡಿದರು.

ಇನ್ನು ಬುನಾದಿ. ಪಟ್ಟಣದ ಸುತ್ತ ಕಾವೇರಿಯ ತಳ ಬಂಡೆಯದು. ಮರಳಿನ ಹೊಳೆಯಾಗಿದ್ದರೆ ಕಲ್ಲುಕಂಬ ನಿಲ್ಲಿಸುವ ಮಾತೇ ಇರಲಿಲ್ಲ. ಇನ್ನೂರಕ್ಕೂ ಹೆಚ್ಚು ಮಳೆಗಾಲಗಳನ್ನು ಸೇತುವೆ ಕಂಡಿದೆ. ಅವುಗಳಲ್ಲಿ ಮೊದಲ ನೂರಿಪ್ಪತ್ತು ಮಳೆಗಾಲಗಳಲ್ಲಿ ಮೇಲೆ ಕನ್ನಂಬಾಡಿ ಕಟ್ಟೆಯಿರಲಿಲ್ಲ, ಕೊಡಗಿನಲ್ಲಿ ಬಿದ್ದ ನೀರೆಲ್ಲ ನೇರವಾಗಿ ಇಲ್ಲಿಗೇ ಬರುತ್ತಿತ್ತು. 1924ರ ಜುಲೈನಲ್ಲಿ ಕಾವೇರಿಗೆ ಬಂದ ಮಹಾಪ್ರವಾಹದ ಕತೆಯನ್ನು ನಮ್ಮಜ್ಜಂದಿರು ಹೇಳುತ್ತಿದ್ದರು. ಕಟ್ಟೆಯ ಕೆಲಸ ಆಗ ಇನ್ನೂ ನಡೆಯುತ್ತಲೇ ಇತ್ತು. ಆ ನೀರನ್ನೂ ದಾಟಿಸಿಕೊಂಡು ಸೇತುವೆ ನಿಂತಿತು.

ಮಕ್ಕಳ ಆಟಕ್ಕೆ ಮತ್ತೆ ಬರುತ್ತೇನೆ. ನಾಲ್ಕು ಗುಂಪು, ಗುಂಪಿಗೊಂದು ಮೊಬೈಲು. ಸೇತುವೆಯ ಉದ್ದವನ್ನು ಹೆಜ್ಜೆಯಲ್ಲಿ ಎಣಿಸಿ ಬನ್ನಿ ಎಂಬ ಪ್ರಶ್ನೆಗೆ ನಾಲ್ಕು ಗುಂಪೂ ನಾಲ್ಕು ಲೆಕ್ಕ ತಂದವು. ಜಗಳವಾಯಿತು. ನಮ್ಮದೇ ಸರಿ ಎಂದು ಎಲ್ಲರೂ ಕೂಗಿದರು. ಆ ಜಗಳದಿಂದ ಇನ್ನೊಂದು ಚರಿತ್ರೆ ಹೇಳಲು ದಾರಿ ಸಿಕ್ಕಿತು. ಪೂರ್ಣಯ್ಯನವರ ಸೇತುವೆ ಏಳುತ್ತಿದ್ದ ವರ್ಷಗಳಲ್ಲೇ ಈ ದೇಶದ ಉದ್ದಗಲವನ್ನು ಕರಾರುವಾಕ್ಕಾಗಿ ಅಳೆಯುವ ಕೆಲಸವೂ ಶುರುವಾಯಿತು. ಆ ಕೆಲಸದ ಬೇರು ಇರುವುದೂ ಶ್ರೀರಂಗಪಟ್ಟಣದ ಯುದ್ಧದಲ್ಲೇ.

ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ 1799ರ ದಂಡಿನಲ್ಲಿದ್ದ. ಆ ಏಪ್ರಿಲ್ ತಿಂಗಳ ಒಂದು ರಾತ್ರಿ, ಪಟ್ಟಣದ ಹತ್ತಿರ ಕತ್ತಲಲ್ಲಿ ಸಾಗುತ್ತಿದ್ದ ಜನರಲ್ ಬೇರ್ಡ್‌ನ ತುಕಡಿ ದಾರಿ ತಪ್ಪಿತು. ಲ್ಯಾಂಬ್ಟನ್ ಆಕಾಶದಲ್ಲಿ ಸಪ್ತರ್ಷಿ ಮಂಡಲ ನೋಡಿ, ನಾವು ಹೋಗಬೇಕಾದ ದಿಕ್ಕಿಗಲ್ಲ, ಟಿಪ್ಪುವಿನ ಪಾಳೆಯದ ಕಡೆಗೆ ಹೋಗುತ್ತಿದ್ದೇವೆ ಎಂದು ಎಚ್ಚರಿಸಿದನಂತೆ. ಯುದ್ಧ ಮುಗಿದ ಮೇಲೆ ಅವನು ಇಡೀ ದಕ್ಷಿಣ ದೇಶವನ್ನು ತ್ರಿಕೋನಗಳಿಂದ ಅಳೆಯುವ ಯೋಜನೆ ಮುಂದಿಟ್ಟ. ಆರ್ಥರ್ ವೆಲ್ಲೆಸ್ಲಿ ಅದಕ್ಕೆ ಬೆಂಬಲ ಕೊಟ್ಟ. 1800ರಲ್ಲಿ ಬೆಂಗಳೂರಿನ ಬಳಿ ಮೊದಲು ಅಳೆದು ನೋಡಿದರು, 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಮುಖ್ಯ ಆಧಾರ ರೇಖೆ ಅಳೆದರು. ಅಳೆದದ್ದು ನೂರು ಅಡಿಯ ಉಕ್ಕಿನ ಸರಪಳಿಯಿಂದ. ಮದರಾಸಿನಿಂದ ತ್ರಿಕೋನ ಕಟ್ಟುತ್ತಾ ಬಂದು 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಆಧಾರ ರೇಖೆಯನ್ನು ಸರಪಳಿಯಿಂದ ಅಳೆದು ತಾಳೆ ನೋಡಿದಾಗ, ಲೆಕ್ಕಕ್ಕೂ ಅಳತೆಗೂ ಏಳು ಮೈಲಿಯಲ್ಲಿ ಕೆಲವೇ ಅಂಗುಲಗಳ ವ್ಯತ್ಯಾಸವಿತ್ತು. 1804, ಅಂದರೆ ಸೇತುವೆ ಮುಗಿದ ವರ್ಷವೇ. ಲ್ಯಾಂಬ್ಟನ್ನನ ಅರ್ಧ ಟನ್ ತೂಕದ ದೊಡ್ಡ ಥಿಯೊಡೊಲೈಟು ಇಂಗ್ಲೆಂಡಿನಿಂದ ಬರುವಾಗ ಹಡಗಿನ ಸಮೇತ ಫ್ರೆಂಚರ ಕೈಗೆ ಸಿಕ್ಕಿ, ಅದು ವಿಜ್ಞಾನದ ಉಪಕರಣವೆಂದು ಗೊತ್ತಾದ ಮೇಲೆ ಅವರು ಮರ್ಯಾದೆಯಿಂದ ಮದರಾಸಿಗೆ ಕಳಿಸಿಕೊಟ್ಟ ಕತೆಯನ್ನು ಹೇಳಿದಾಗ ಮಕ್ಕಳಿಗೆ ನಂಬಿಕೆ ಬರಲಿಲ್ಲ.

ಇದೇ ಕಾಲದಲ್ಲಿ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಅಳತೆಗೆ ನಿಂತಿದ್ದ. ಅವನು ನೆಲವನ್ನಷ್ಟೇ ಅಲ್ಲ, ಊರೂರಿನ ಕೈಫಿಯತ್ತು, ಶಾಸನ, ಕತೆಗಳನ್ನೂ ಕಲೆಹಾಕಿಸಿದ. ಅವನ ಪಂಡಿತರಲ್ಲಿ ಒಬ್ಬರು ನಮ್ಮ ಸೀಮೆಯ ಮಲೆಯೂರಿನ ಧರ್ಮಯ್ಯನವರು. ಲ್ಯಾಂಬ್ಟನ್ನನ ಅಳತೆ ಒಂದು ಊರು ಎಲ್ಲಿದೆ ಎಂದು ಹೇಳುತ್ತದೆ. ಅಲ್ಲಿ ಯಾರಿದ್ದರು, ಏನಾಯಿತು ಎಂಬುದಕ್ಕೆ ಧರ್ಮಯ್ಯನವರಂಥವರೇ ಬೇಕು. ಅಷ್ಟಕ್ಕೂ, ಎಲ್ಲಿದೆ ಎಂಬ ಅಂಕಿಯೂ ಶಾಶ್ವತವೇನಲ್ಲ. ಪಟ್ಟಣದ ರೈಲ್ವೆ ನಿಲ್ದಾಣದ ಹತ್ತಿರವಿದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು ಜೋಡಿ ಹಳಿಗಾಗಿ 2017ರಲ್ಲಿ ಕೆಡವದೆ, ಇಡೀ ಕಟ್ಟಡವನ್ನೇ ನೂರು ಮೀಟರಿಗೂ ದೂರ ಸರಿಸಿ ಕೂರಿಸಿದರು. ಅದರ ರೇಖಾಂಶ ಬದಲಾಯಿತು, ಚರಿತ್ರೆ ಬದಲಾಗಲಿಲ್ಲ.

ಮಕ್ಕಳು ಮೊಬೈಲು ನೋಡುತ್ತಾ ದಂಡೆಯಲ್ಲಿ ಬಗ್ಗಿ ಬಗ್ಗಿ ನಡೆಯುವುದನ್ನು ಕಂಡು, ಎಮ್ಮೆ ಮೈ ತೊಳೆಯುತ್ತಿದ್ದ ಹಿರಿಯರೊಬ್ಬರು, "ಏನ್ ಬೀಳಿಸ್ಕೊಂಡ್ರಿ ಮಕ್ಳಾ? ವಾಲೆಯಾ, ದುಡ್ಡಾ?" ಎಂದು ಕೇಳಿದರು. "ಏನೂ ಬೀಳ್ಸಿಲ್ಲ ತಾತ, ಸೇತ್ವೆ ಹುಡುಕ್ತಿದ್ದೀವಿ" ಎಂದ ಒಬ್ಬ. ಆತ ಸೇತುವೆಯನ್ನೂ ಹುಡುಗನನ್ನೂ ಒಂದೊಂದು ಸಲ ನೋಡಿ, ಎಮ್ಮೆಯ ಕಡೆ ತಿರುಗಿಕೊಂಡರು. ಆಮೇಲೆ ಅವರೇ ಬಂದು ನಮ್ಮ ಜೊತೆ ಕೂತರು.

ಕೊನೆಯ ನೆಲೆಯ ಪ್ರಶ್ನೆ ನನಗೆ ಸುಲಭವೆನಿಸಿತ್ತು: ಈ ಸೇತುವೆ ಯಾರ ಹೆಸರಿನದು, ಕಟ್ಟಿದವರು ಯಾರು? ಮೂರು ಗುಂಪು ವೆಲ್ಲೆಸ್ಲಿ, ಪೂರ್ಣಯ್ಯ ಎಂದು ಬರೆದು ತಂದವು. ನಾಲ್ಕನೆಯ ಗುಂಪಿನ ಹುಡುಗಿ ಎರಡನೆಯ ಉತ್ತರದ ಜಾಗ ಖಾಲಿ ಬಿಟ್ಟಿದ್ದಳು. ಏಕಮ್ಮಾ ಎಂದೆ. "ಪೂರ್ಣಯ್ಯನೋರು ಕಟ್ಸಿದ್ರು ಸಾರ್. ಕಟ್ಟಿದೋರು ಯಾರು ಅಂತ ಕೇಳಿದ್ದೀರಿ. ಕಲ್ಲು ಸೀಳ್ದೋರು ಬೇರೆ ಇರ್ತಾರಲ್ವಾ?" ಅಂದಳು. ಅವಳ ತಾತ, ಮುತ್ತಾತ ಕಲ್ಲಿನ ಕೆಲಸದವರು ಎಂದು ಆಮೇಲೆ ತಿಳಿಯಿತು.

ಕಲ್ಲು ಸೀಳುವುದನ್ನು ಆ ಹುಡುಗಿಯೇ ವಿವರಿಸಿದಳು, ಎಮ್ಮೆಯ ತಾತ ಸೇರಿಸಿದರು. ಬಂಡೆಯ ಮೇಲೆ ಸೀಳಬೇಕಾದ ಗೆರೆಯ ಉದ್ದಕ್ಕೂ ಚಾಣದಿಂದ ಸಾಲಾಗಿ ಸಣ್ಣ ಗುಳಿ ಹೊಡೆಯುತ್ತಾರೆ. ಗುಳಿಗೊಂದು ಬೆಣೆ ಕೂರಿಸಿ ಚಮ್ಮಟಿಗೆಯಿಂದ ಒಂದಾದ ಮೇಲೊಂದಕ್ಕೆ ಸಮವಾಗಿ ಏಟು ಹಾಕುತ್ತಾ ಹೋಗುತ್ತಾರೆ. ಒಂದೇ ಬೆಣೆಗೆ ಜೋರಾಗಿ ಹೊಡೆದರೆ ಕಲ್ಲು ಅಡ್ಡಾದಿಡ್ಡಿ ಒಡೆಯುತ್ತದೆ. ಸಮವಾಗಿ ಹೊಡೆದರೆ, ಸ್ವಲ್ಪ ಹೊತ್ತಿಗೆ ಏಟಿನ ಸದ್ದು ಬದಲಾಗುತ್ತದೆ. ಆಗ ಕೈ ನಿಲ್ಲಿಸಿ ಕಾಯಬೇಕು. ಗೆರೆ ಎಳೆದ ಹಾಗೆ ಬಂಡೆ ತಾನೇ ಬಿಡುತ್ತದೆ. ನಮ್ಮ ಶಾಲೆಯ ಹಿಂದಿನ ಬೇಲಿಯ ಕಲ್ಲುಕಂಬಗಳ ಅಂಚಿನಲ್ಲಿ ಹಲ್ಲಿನ ಸಾಲಿನಂತೆ ಕಾಣುವ ಗುರುತು ಇಂಥ ಬೆಣೆಯ ಗುಳಿಯದೇ. ಅಲ್ಲಿ ವರ್ಷಗಟ್ಟಲೆ ಬೆನ್ನು ಒರಗಿಸಿ ಊಟ ಮಾಡಿದ ಹಳೆಯ ವಿದ್ಯಾರ್ಥಿಗಳಿಗೆ ಅದು ನೆನಪಿರಬೇಕು.

ಸೀಳಿದ ಕಲ್ಲನ್ನು ಎತ್ತಿನ ಬಲದಿಂದ, ಮರದ ಉರುಳೆಗಳ ಮೇಲೆ ಹೊಳೆಗೆ ತರಬೇಕು. ಕೆಲಸ ನಡೆಯುವುದು ಹೊಳೆ ಇಳಿದಿರುವ ತಿಂಗಳುಗಳಲ್ಲಿ ಮಾತ್ರ. ಬಂಡೆಯಲ್ಲಿ ನೆಲೆ ಮಾಡಿ, ಹಗ್ಗ ಕಟ್ಟಿ, ಹತ್ತಾರು ಜನ ಒಂದೇ ಉಸಿರಿಗೆ ಎಳೆದು ಕಂಬ ನಿಲ್ಲಿಸಬೇಕು. ಮುಂದಿನ ಮಳೆಗಾಲ ಬಂದು ಅದರ ಪರೀಕ್ಷೆ ಮಾಡುತ್ತದೆ. ಹೀಗೆ ದುಡಿದವರು ಭೋವಿಗಳು, ಕಲ್ಲುಕುಟಿಗರು, ಗಾಡಿಯವರು, ಸುತ್ತಲ ಹಳ್ಳಿಗಳ ಕೂಲಿಯಾಳುಗಳು. ಗವರ್ನರ್ ಜನರಲನ ಹೆಸರನ್ನು ಸೇತುವೆ ಹೊತ್ತಿದೆ, ದಿವಾನರ ಹೆಸರನ್ನು ಪಠ್ಯಪುಸ್ತಕ ಹೊತ್ತಿದೆ. ಇವರ ಹೆಸರು ಪಠ್ಯದಲ್ಲಿಲ್ಲ. ಆ ಹುಡುಗಿಯ ಖಾಲಿ ಜಾಗಕ್ಕೆ ನಾನು ಪೂರ್ತಿ ಅಂಕ ಕೊಟ್ಟೆ. ಉಳಿದ ಮೂರು ಗುಂಪಿನವರು ಇದು ಅನ್ಯಾಯ ಎಂದು ಬಸ್ಸಿನಲ್ಲಿ ಊರು ಬರುವವರೆಗೂ ವಾದಿಸಿದರು.

ವಾದದ ಫಲ ಚೆನ್ನಾಗಿಯೇ ಆಯಿತು. ಮುಂದಿನ ವಾರ ಎಲ್ಲ ಮಕ್ಕಳೂ ತಮ್ಮ ತಮ್ಮ ಮನೆಯ ಹಿರಿಯರನ್ನು ಕೇಳಿ, ಯಾರು ಯಾವ ಕಟ್ಟೆ, ಕಾಲುವೆ, ಸೇತುವೆ, ಶಾಲೆಯ ಗೋಡೆಗೆ ದುಡಿದರು ಎಂದು ಬರೆದು ತಂದರು. ಕನ್ನಂಬಾಡಿಗೆ ಮಣ್ಣು ಹೊತ್ತ ಮುತ್ತಜ್ಜಿಯಿದ್ದಾರೆ, ವಿಶ್ವೇಶ್ವರಯ್ಯ ನಾಲೆಯಲ್ಲಿ ಕಲ್ಲು ಕಟ್ಟಿದವರಿದ್ದಾರೆ. ನಮ್ಮ ಶಾಲೆಯ ಮೊದಲ ನಾಲ್ಕು ಕೊಠಡಿಗಳಿಗೆ ಸೈಜುಗಲ್ಲು ಕೊಟ್ಟು, ಕೂಲಿ ತೆಗೆದುಕೊಳ್ಳದೆ ಗೋಡೆ ಏರಿಸಿದವರೂ ಇದ್ದಾರೆ. ಸುವರ್ಣ ಮಹೋತ್ಸವದ ಕಾಲದಲ್ಲಿ ದಾನಿಗಳ ಹೆಸರು ಅಮೃತಶಿಲೆಯ ಫಲಕದ ಮೇಲೆ ಬರುತ್ತದೆ, ಬರಬೇಕಾದ್ದೇ. ಈ ಹೆಸರುಗಳು ಸದ್ಯಕ್ಕೆ ಇನ್ನೂರು ಪುಟದ ಒಂದು ನೋಟುಪುಸ್ತಕದಲ್ಲಿವೆ. ಇವನ್ನೂ ಫಲಕಕ್ಕೆ ಸೇರಿಸುವ ವಿಷಯವನ್ನು ಶಾಲಾಭಿವೃದ್ಧಿ ಸಮಿತಿಯ ಮುಂದೆ ಮಕ್ಕಳೇ ಅರ್ಜಿ ಬರೆದು ಇಟ್ಟಿದ್ದಾರೆ. ಇದನ್ನು ಬರೆಯುವ ಹೊತ್ತಿಗೆ ತೀರ್ಮಾನ ಆಗಿಲ್ಲ.

ಸೇತುವೆಯ ಈಗಿನ ಸ್ಥಿತಿಯ ವಿಷಯಕ್ಕೂ ಎರಡು ಮಾತು ಸೇರಿಸಬೇಕು. ಭಾರಿ ವಾಹನಗಳಿಗೆ ಹೊಸ ಸೇತುವೆಗಳಾಗಿ ಬಹಳ ಕಾಲವಾಯಿತು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾದ ಮೇಲೆ ಪಟ್ಟಣದೊಳಗೆ ಬರದೆಯೇ ಮೈಸೂರು ಸೇರಬಹುದು. ಪೂರ್ಣಯ್ಯನವರು ಯಾವ ದಾರಿಗಾಗಿ ಸೇತುವೆ ಕಟ್ಟಿಸಿದರೋ ಆ ದಾರಿಯೇ ಪಕ್ಕಕ್ಕೆ ಸರಿದಿದೆ. ಇದು ಒಂದು ರೀತಿಯಲ್ಲಿ ಸೇತುವೆಗೆ ಒಳ್ಳೆಯದೇ, ಭಾರ ತಪ್ಪಿತು. ಆದರೆ ಜನ ಓಡಾಡದ ಕಟ್ಟಡಕ್ಕೆ ಬೇರೆ ಶತ್ರುಗಳು ಹುಟ್ಟುತ್ತವೆ. ಹಳೆಯ ಕಲ್ಲು ಕಟ್ಟಡದ ಸಂದಿಯಲ್ಲಿ ಹಕ್ಕಿ ಹಾಕಿದ ಅರಳಿ ಬೀಜ ಮೊಳೆತರೆ, ಎಳೆಯದಿದ್ದಾಗ ಬೆರಳಿನಿಂದ ಕಿತ್ತುಹಾಕಬಹುದು. ನಾಲ್ಕು ವರ್ಷ ಬಿಟ್ಟರೆ ಬೇರು ತೊಲೆಯನ್ನೇ ಎತ್ತುತ್ತದೆ. ಆಮೇಲೆ ಬೇರು ಕಿತ್ತರೂ ಕಲ್ಲು ಬೀಳುತ್ತದೆ, ಬಿಟ್ಟರೂ ಬೀಳುತ್ತದೆ. ಅಂಥ ಗಿಡ ಕಂಡರೆ ಮಕ್ಕಳಾಗಲಿ ನಾವಾಗಲಿ ಕೈ ಹಾಕದೆ, ಫೋಟೊ ತೆಗೆದು ಜಾಗದ ಅಕ್ಷಾಂಶ ರೇಖಾಂಶ ಬರೆದು ಇಲಾಖೆಗೆ ಪತ್ರ ಹಾಕುವುದೆಂದು ಮಕ್ಕಳು ತೀರ್ಮಾನಿಸಿದ್ದಾರೆ. ಐದು ದಶಾಂಶ ಸ್ಥಾನದವರೆಗೆ ಬರೆದರೆ ಯಾವ ಕಂಬದ ಹತ್ತಿರ ಎಂದು ಕಚೇರಿಯವರಿಗೆ ಹುಡುಕುವ ತೊಂದರೆ ಇರುವುದಿಲ್ಲ ಎಂಬುದು ಅವರ ವಾದ. ಸೀಮೆಸುಣ್ಣ ಮುರಿದ ಹುಡುಗನೇ ಇದನ್ನು ಹೇಳಿದ್ದು.

ಹಳೆಯ ವಿದ್ಯಾರ್ಥಿಗಳು ಆಟವಾಡಲು ಇಷ್ಟಪಟ್ಟರೆ, ನಾಲ್ಕು ನೆಲೆಗಳ ಅಕ್ಷಾಂಶ ರೇಖಾಂಶಗಳೂ ಪ್ರಶ್ನೆಗಳೂ ಬರೆದ ಹಾಳೆ ಶಾಲೆಯ ಗ್ರಂಥಾಲಯದಲ್ಲಿದೆ. ಹೋಗುವುದಾದರೆ ದೀಪಾವಳಿ ಕಳೆದು ಹೊಳೆ ಇಳಿದ ಮೇಲೆ, ಬೆಳಗಿನ ಹೊತ್ತು ಹೋಗಿ. ಆಗ ಕಂಬಗಳು ಬುಡದವರೆಗೂ ಕಾಣುತ್ತವೆ. ಕಟ್ಟೆಯಿಂದ ನೀರು ಬಿಟ್ಟಿದ್ದಾರೆಯೇ ಎಂದು ವಿಚಾರಿಸದೆ ಯಾರೂ ಹೊಳೆಗೆ ಇಳಿಯಬಾರದು, ಈಜು ಬಂದರೂ ಇಳಿಯಬಾರದು. ಉತ್ತರಗಳನ್ನು ಬರೆಯಬೇಕಾದದ್ದು ಆ ಇನ್ನೂರು ಪುಟದ ನೋಟುಪುಸ್ತಕದ ಹಿಂಬದಿಯಲ್ಲಿ. ಮುಂಬದಿಯಲ್ಲಿ ನಿಮ್ಮ ಮನೆಯವರ ಹೆಸರು ಬಿಟ್ಟುಹೋಗಿದ್ದರೆ ಅದನ್ನೂ ಸೇರಿಸಿ. ಅರವತ್ತೇಳನೆಯ ಪುಟದಿಂದ ಮುಂದೆ ಖಾಲಿಯಿದೆ.